ಕರಗಿ ಹೋದ ಹಿಮನದಿ ನೆಲವನ್ನು ಎಷ್ಟು ಸವೆಸಿತು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಿಮನದಿಗಳ ಮೇಲಿನ ಪ್ರಶ್ನೆಗಳೇ ಜಾಸ್ತಿ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕು. ಮಲೆನಾಡಿನಲ್ಲಿ ಕೂತು ಇಂಥ ಪ್ರಶ್ನೆ ಕೇಳುವವರಿದ್ದಾರೆ ಎನ್ನುವುದೇ ನನಗೆ ದೊಡ್ಡ ಖುಷಿ.

ಪ್ರಶ್ನೆ: ಮೇಡಂ, ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಒಂದು ಮಳೆಗಾಲಕ್ಕೆ ಬಸಿಗಾಲುವೆಯಲ್ಲಿ ಎಷ್ಟು ಹೂಳು ತುಂಬಿತು ಅಂತ ನೋಡಿದರೆ ಮೇಲಿನ ಗುಡ್ಡದಿಂದ ಎಷ್ಟು ಮಣ್ಣು ಬಂತು ಅಂತ ಅಂದಾಜು ಸಿಗುತ್ತದೆ. ಆದರೆ ಸಾವಿರಾರು ವರ್ಷದ ಹಿಂದೆ ಕರಗಿ ಹೋದ ಹಿಮನದಿ ವರ್ಷಕ್ಕೆ ಇಷ್ಟು ಮಿಲಿಮೀಟರ್ ಬಂಡೆ ಸವೆಸಿತ್ತು ಅಂತ ವಿಜ್ಞಾನಿಗಳು ಹೇಗೆ ಹೇಳುತ್ತಾರೆ? ಕಣ್ಣಾರೆ ಕಂಡವರು ಯಾರೂ ಇಲ್ಲವಲ್ಲ?
– ಅಡಿಕೆ ಬೆಳೆಗಾರರೊಬ್ಬರು, ಹೊಸನಗರ

ಉತ್ತರ: ನೀವು ಮಾಡುವ ಹೂಳಿನ ಲೆಕ್ಕವೇ ವಿಜ್ಞಾನಿಗಳು ಹಿಡಿದ ಮೊದಲ ದಾರಿ ಕೂಡ. ಅದರಿಂದಲೇ ಶುರು ಮಾಡೋಣ. ಅದಕ್ಕೂ ಮೊದಲು ಹಿಮನದಿ ನೆಲವನ್ನು ಹೇಗೆ ಸವೆಸುತ್ತದೆ ಅಂತ ಎರಡು ಮಾತು.

ಬರೀ ಮಂಜುಗಡ್ಡೆಗೆ ಬಂಡೆಯನ್ನು ಕೊರೆಯುವ ಶಕ್ತಿ ಇಲ್ಲ. ಅದು ಬಂಡೆಗಿಂತ ಬಹಳ ಮೆತ್ತಗೆ. ಆ ಕೆಲಸ ಮಾಡುವುದು ಮಂಜಿನ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು. ತಳದಲ್ಲಿ ಸ್ವಲ್ಪ ನೀರಿದ್ದರೆ ಇಡೀ ಮಂಜಿನ ರಾಶಿ ನೆಲದ ಮೇಲೆ ಜಾರುತ್ತದೆ. ಆಗ ಆ ಕಲ್ಲುಗಳು ಕೆಳಗಿನ ಬಂಡೆಯನ್ನು ಉಜ್ಜುತ್ತವೆ. ಇನ್ನೊಂದು ಕೆಲಸ ಇದಕ್ಕಿಂತ ಜೋರು. ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಏರಿಳಿಯುತ್ತಾ ಬಿರುಕು ದೊಡ್ಡದಾಗುತ್ತದೆ. ಕೊನೆಗೆ ಮಂಜು ಇಡೀ ತುಂಡುಗಳನ್ನೇ ಕಿತ್ತುಕೊಂಡು ಹೋಗುತ್ತದೆ. ಉಜ್ಜಿದ ಕಡೆ ನುಣ್ಣನೆ ಹಿಟ್ಟು ಬರುತ್ತದೆ, ಕಿತ್ತ ಕಡೆ ಬಂಡೆಗಲ್ಲು ಬರುತ್ತದೆ.

ಆ ಹಿಟ್ಟನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೋಮುಖದ ಹತ್ತಿರ ಭಾಗೀರಥಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟಿದ್ದೆ. ಬೆಳಿಗ್ಗೆ ತಳದಲ್ಲಿ ಬೂದು ಬಣ್ಣದ ಕೆಸರು ಕೂತಿತ್ತು. ಬೆರಳಿಗೆ ತಾಗಿಸಿದರೆ ಮರಳಿನ ತರಿತರಿ ಇಲ್ಲವೇ ಇಲ್ಲ. ಮೇಲಿನ ನೀರು ಮಾತ್ರ ಇನ್ನೂ ಬಿಳಿಚಿಕೊಂಡೇ ಇತ್ತು. ಅಷ್ಟು ಸಣ್ಣ ಪುಡಿ ಅದು, ಒಂದು ರಾತ್ರಿಯಲ್ಲಿ ಪೂರ್ತಿ ಕೆಳಗಿಳಿಯುವುದಿಲ್ಲ.

ಈಗ ಲೆಕ್ಕ. ಒಂದು ಉದಾಹರಣೆ ಮಾಡಿಕೊಳ್ಳೋಣ. ಹಿಮನದಿ ಹರಡಿರುವ ಜಾಗ 100 ಚದರ ಕಿಲೋಮೀಟರ್. ಅದರ ಬಾಯಿಂದ ಹೊರಬರುವ ಹೊಳೆ ವರ್ಷಕ್ಕೆ 2,70,000 ಟನ್ ಹೂಳು ಹೊತ್ತು ತರುತ್ತದೆ. ಗಟ್ಟಿ ಬಂಡೆ ಒಂದು ಘನಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಹಾಗಾಗಿ ಇದು 1,00,000 ಘನಮೀಟರ್ ಬಂಡೆ. ಅದನ್ನು 10 ಕೋಟಿ ಚದರ ಮೀಟರ್ ಜಾಗಕ್ಕೆ ಹಂಚಿದರೆ ಸಿಗುವುದು 1 ಮಿಲಿಮೀಟರ್. ಅಂದರೆ ವರ್ಷಕ್ಕೆ ಸರಾಸರಿ 1 ಮಿ.ಮೀ. ಸವೆತ.

ಕರಗಿ ಹೋದ ಹಿಮನದಿಗೂ ಇದೇ ಲೆಕ್ಕ. ಅದರ ಹೊಳೆ ಈಗ ಇಲ್ಲ, ಆದರೆ ಹೂಳು ಎಲ್ಲೋ ಹೋಗಿ ಕೂತಿರಲೇಬೇಕಲ್ಲ. ಹಳೆಯ ಸರೋವರಗಳ ತಳದಲ್ಲಿ, ಸಮುದ್ರ ನುಗ್ಗಿದ ಆಳದ ಹಿಮಕಣಿವೆಗಳಲ್ಲಿ ಅದು ಇನ್ನೂ ಇದೆ. ದೋಣಿಯಿಂದ ಶಬ್ದದ ಅಲೆ ಬಿಟ್ಟು ಹೂಳಿನ ದಪ್ಪ ಅಳೆಯುತ್ತಾರೆ. ಕೊಳವೆ ಇಳಿಸಿ ಮಾದರಿ ತೆಗೆಯುತ್ತಾರೆ. ಅದರೊಳಗೆ ಸಿಕ್ಕ ಚಿಪ್ಪು, ಎಲೆಚೂರುಗಳ ವಯಸ್ಸನ್ನು ಕಾರ್ಬನ್ 14ರಿಂದ ಪತ್ತೆ ಮಾಡುತ್ತಾರೆ. ಯಾವ ಪದರ ಯಾವಾಗ ಕೂತಿತು ಅಂತ ಗೊತ್ತಾಯಿತೋ, ಭಾಗಾಕಾರ ಮಾಡುವುದಷ್ಟೇ ಬಾಕಿ.

ಇಲ್ಲಿ ಎಚ್ಚರ ಬೇಕಾದ ಜಾಗಗಳೂ ಇವೆ. ಹೂಳಿನ ನಡುವೆ ನೀರು ತುಂಬಿದ ಸಂದುಗಳಿರುತ್ತವೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಸವೆತ ಸುಮ್ನೆ ಜಾಸ್ತಿ ಕಾಣುತ್ತದೆ. ಪಕ್ಕದ ಬೆಟ್ಟ ಕುಸಿದು ಮಂಜಿನ ಮೇಲೆ ಬಿದ್ದ ಕಲ್ಲು ಕೂಡ ಅದೇ ಹೂಳಿನಲ್ಲಿ ಸೇರಿರುತ್ತದೆ. ಅದು ತಳದಲ್ಲಿ ಸವೆದದ್ದಲ್ಲ. ಇನ್ನು ಹಿಮನದಿ ಹಿಂದೆ ಸರಿಯುವ ಕಾಲದಲ್ಲಿ ಎಷ್ಟೋ ಶತಮಾನಗಳಿಂದ ತಳದಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬರಬಹುದು. ಆ ಕೆಲವು ವರ್ಷಗಳನ್ನು ಮಾತ್ರ ಅಳೆದವರಿಗೆ ಹಿಮನದಿ ಅಬ್ಬರಿಸಿ ಕೊರೆಯುತ್ತಿದೆ ಅನಿಸುತ್ತದೆ.

ಎರಡನೆಯ ದಾರಿ ನನಗೆ ಬಹಳ ಇಷ್ಟವಾದದ್ದು. ಇದರಲ್ಲಿ ಹೂಳು ಹುಡುಕುವುದೇ ಬೇಡ. ಹಿಮನದಿ ಉಜ್ಜಿ ಬಿಟ್ಟುಹೋದ ಬಂಡೆಯನ್ನೇ ಕೇಳುವುದು.

ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಭೂಮಿಗೆ ಬಡಿಯುತ್ತಿರುತ್ತವೆ. ಅವು ಬೆಣಚುಕಲ್ಲಿನಲ್ಲಿರುವ ಆಮ್ಲಜನಕದ ಪರಮಾಣುವನ್ನು ಒಡೆದಾಗ ಕೆಲವೊಮ್ಮೆ ಬೆರಿಲಿಯಂ 10 ಎಂಬ ವಿಕಿರಣಶೀಲ ಪರಮಾಣು ಹುಟ್ಟುತ್ತದೆ. ಬಹಳ ಅಪರೂಪ ಇದು. ಧ್ರುವಗಳ ಕಡೆಯ ಪ್ರದೇಶದಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಗ್ರಾಂ ಬೆಣಚುಕಲ್ಲಿನಲ್ಲಿ ವರ್ಷಕ್ಕೆ ಹುಟ್ಟುವುದು ಸುಮಾರು 4 ಪರಮಾಣು ಮಾತ್ರ. ಎತ್ತರದ ಬೆಟ್ಟಗಳಲ್ಲಿ ಜಾಸ್ತಿ. ಬಂಡೆಯ ಒಳಗೆ ಹೋದಂತೆ ಇದು ಬೇಗ ಕಡಿಮೆಯಾಗುತ್ತದೆ. ಸುಮಾರು 60 ಸೆಂಟಿಮೀಟರ್ ಕೆಳಗೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. 3 ಮೀಟರ್ ಕೆಳಗೆ ನೂರಕ್ಕೆ ಒಂದು ಪಾಲೂ ಇಲ್ಲ. ಮ್ಯುಆನ್ ಎಂಬ ಕಣಗಳು ಇನ್ನೂ ಆಳಕ್ಕೆ ಇಳಿಯುತ್ತವೆ, ಆ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ದಿನ ಹದ ನೋಡಲು ಗದ್ದೆಗೆ ಹೋಗುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ಮೇಲೆ ತೇವ ಚೆನ್ನಾಗಿರುತ್ತದೆ, ನಾಲ್ಕು ಬೆರಳು ಕೆಳಗೆ ಕಡಿಮೆ, ಗೇಣು ಆಳಕ್ಕೆ ಒಣಮಣ್ಣು. ಯಾರೋ ಗುದ್ದಲಿಯಿಂದ ಮೇಲಿನ ಮಣ್ಣು ಕೆರೆದು ಹೋಗಿದ್ದರೆ, ಉಳಿದ ತೇವ ನೋಡಿ ಎಷ್ಟು ಕೆರೆದರು ಅಂತ ನೀವು ಹೇಳಬಲ್ಲಿರಿ. ಬರೀ ಒಣಮಣ್ಣು ಕಂಡರೆ ಮಾತ್ರ ಗೇಣಿಗಿಂತ ಜಾಸ್ತಿ ಅಂತ ಹೇಳಬಹುದು, ಎಷ್ಟು ಜಾಸ್ತಿ ಅಂತ ಹೇಳಲಾಗದು. ಬೆರಿಲಿಯಂ ಲೆಕ್ಕವೂ ಹೀಗೆಯೇ.

ಅಂಕಿ ಹಾಕಿ ನೋಡೋಣ. ಹಿಮನದಿ ಬರುವ ಮೊದಲು ಬಂಡೆಯ ಮೇಲ್ಮೈಯಲ್ಲಿ ಗ್ರಾಂಗೆ 2,00,000 ಬೆರಿಲಿಯಂ ಪರಮಾಣು ಇತ್ತು ಅಂದುಕೊಳ್ಳಿ. ಮಂಜು ಬಂದು ಕೂತಿತು. ಹತ್ತಿಪ್ಪತ್ತು ಮೀಟರ್ ದಪ್ಪದ ಮಂಜು ಇದ್ದರೂ ಸಾಕು, ಕಿರಣಗಳು ಕೆಳಗಿನ ಬಂಡೆಗೆ ತಲುಪುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮಂಜು ಅಲ್ಲಿ 20,000 ವರ್ಷ ಇತ್ತು, ಬಂಡೆ ಸವೆಸಿತು, ಆಮೇಲೆ ಕರಗಿತು. ಕರಗಿ 15,000 ವರ್ಷ ಆಗಿದೆ ಅಂತ ಬೇರೆ ಸಾಕ್ಷಿಯಿಂದ ಗೊತ್ತಿದೆ. ಆ 15,000 ವರ್ಷದಲ್ಲಿ ಹೊಸದಾಗಿ ಹುಟ್ಟಿರಬೇಕಾದದ್ದು ಸುಮಾರು 60,000 ಪರಮಾಣು. ಆದರೆ ಈಗ ಅಳೆದಾಗ 80,000 ಸಿಗುತ್ತದೆ. ಹಾಗಾದರೆ ಆ 20,000 ಹಳೆಯ ಕಾಲದ್ದು. ಮೊದಲಿದ್ದುದರಲ್ಲಿ ಹತ್ತನೇ ಒಂದು ಪಾಲು ಉಳಿದಿದೆ. ಅಷ್ಟು ಕಡಿಮೆ ಇರುವುದು ಹಳೆಯ ಮೇಲ್ಮೈಯಿಂದ ಸುಮಾರು 1.4 ಮೀಟರ್ ಕೆಳಗೆ. ಅಂದರೆ ಹಿಮನದಿ 1.4 ಮೀಟರ್ ಬಂಡೆ ತೆಗೆದಿದೆ. 20,000 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.07 ಮಿಲಿಮೀಟರ್.

ಇಲ್ಲಿ 2,00,000 ಅಂತ ಮೊದಲೇ ಒಪ್ಪಿಕೊಂಡೆವು ನೋಡಿ, ಅದೇ ಈ ವಿಧಾನದ ಸೂಕ್ಷ್ಮ ಜಾಗ. ಅದಕ್ಕೇ ಒಂದೇ ಬಂಡೆ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. ಕಣಿವೆಯ ತಳ, ಪಕ್ಕ, ಮೇಲಿನ ದಿಣ್ಣೆ, ಹೀಗೆ ಹಲವು ಕಡೆ ಮಾದರಿ ತೆಗೆಯುತ್ತಾರೆ. ಹಳೆಯ ಪಾಲು ಏನೂ ಉಳಿದಿಲ್ಲದಿದ್ದರೆ '3 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ' ಅಂತ ಬರೆದು ನಿಲ್ಲಿಸುತ್ತಾರೆ.

ಕಿಲೋಮೀಟರ್‌ಗಟ್ಟಲೆ ಬಂಡೆ ಹೋಗಿದ್ದರೆ ಮೂರನೆಯ ದಾರಿ ಬೇಕು. ಅಪಟೈಟ್ ಎಂಬ ಖನಿಜದಲ್ಲಿ ಸ್ವಲ್ಪ ಯುರೇನಿಯಂ, ಥೋರಿಯಂ ಇರುತ್ತದೆ. ಅವು ಕ್ಷಯಿಸುವಾಗ ಹೀಲಿಯಂ ಹುಟ್ಟುತ್ತದೆ. ಬಂಡೆ ಆಳದಲ್ಲಿ ಬಿಸಿಯಾಗಿದ್ದಾಗ ಹೀಲಿಯಂ ಸೋರಿ ಹೋಗುತ್ತದೆ. ಮೇಲಿನ ಬಂಡೆ ಸವೆದು ಕೆಳಗಿನದು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದ ಮೇಲೆ ಅದು ಒಳಗೇ ಉಳಿಯುತ್ತಾ ಬರುತ್ತದೆ. ಹಾಗಾಗಿ ಬಂಡೆ ಯಾವಾಗ ತಣ್ಣಗಾಯಿತು, ಎಷ್ಟು ಬೇಗ ತಣ್ಣಗಾಯಿತು ಅಂತ ಹೀಲಿಯಂ ನೋಡಿ ತಿಳಿಯಬಹುದು. ಡೇವಿಡ್ ಶುಸ್ಟರ್ ಮತ್ತು ಸಂಗಡಿಗರು 2005ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಬೆಟ್ಟಗಳಲ್ಲಿ ಹೀಗೆ ಮಾಡಿದರು. ಕ್ಲಿನಾಕ್ಲಿನಿ ಎಂಬ ಕಣಿವೆ ಅದು. ಸುಮಾರು 18 ಲಕ್ಷ ವರ್ಷದ ಹಿಂದೆ ಅಲ್ಲಿ ಸವೆತ ಇದ್ದಕ್ಕಿದ್ದಂತೆ ಜೋರಾಯಿತು. ಕನಿಷ್ಠ 2 ಕಿಲೋಮೀಟರ್ ಬಂಡೆ ಹೋಯಿತು, ಅದೂ ವರ್ಷಕ್ಕೆ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ವೇಗದಲ್ಲಿ. ಅದಕ್ಕೆ ಮೊದಲಿದ್ದ ವೇಗಕ್ಕಿಂತ ಇದು 6 ಪಟ್ಟಿಗೂ ಜಾಸ್ತಿ. ಕಾಳಿಗಿಂತ ಚಿಕ್ಕ ಹರಳಿನಿಂದ ಇಷ್ಟು ಕಥೆ ಹೊರಬರುತ್ತದೆ ಅಂದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಒಂದು ಕಡೆ ಹಿಮನದಿ ವರ್ಷಕ್ಕೆ 0.1 ಮಿ.ಮೀ. ಸವೆಸುತ್ತದೆ ಅಂತ ಇದೆ. ಇನ್ನೊಂದು ಕಡೆ 10 ಮಿ.ಮೀ.ಗಿಂತ ಜಾಸ್ತಿ ಅಂತ ಇದೆ. ಮಕ್ಕಳಿಗೆ ಯಾವುದನ್ನು ಹೇಳಿಕೊಡಲಿ?
– ಪ್ರೌಢಶಾಲಾ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಎರಡನ್ನೂ ಹೇಳಿಕೊಡಿ ಸರ್, ಜೊತೆಗೆ ಜಾಗವನ್ನೂ ಹೇಳಿ. ಬರ್ನಾರ್ಡ್ ಹ್ಯಾಲೆಟ್ ಮತ್ತು ಇಬ್ಬರು ಸಹೋದ್ಯೋಗಿಗಳು 1996ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ ಹೂಳಿನ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಧ್ರುವ ಪ್ರದೇಶದ ಹಿಮನದಿಗಳಲ್ಲಿ ವರ್ಷಕ್ಕೆ 0.01 ಮಿ.ಮೀ. ಆಸುಪಾಸು. ನಾರ್ವೆಯ ಗಟ್ಟಿ ಬಂಡೆಯ ಕಣಿವೆಗಳಲ್ಲಿ 0.1. ಸ್ವಿಸ್ ಆಲ್ಪ್ಸ್‌ನ ಸಣ್ಣ ಹಿಮನದಿಗಳಲ್ಲಿ 1. ಆಗ್ನೇಯ ಅಲಾಸ್ಕದ ದೊಡ್ಡ, ವೇಗದ ಹಿಮನದಿಗಳಲ್ಲಿ 10ರಿಂದ 100. ಹೆಸರು ಒಂದೇ, ಹಿಮನದಿ. ಸವೆತದಲ್ಲಿ ಮಾತ್ರ ಸಾವಿರಾರು ಪಟ್ಟು ವ್ಯತ್ಯಾಸ.

ಮುಖ್ಯ ಕಾರಣ ತಳದ ಉಷ್ಣಾಂಶ. ತಳದಲ್ಲಿ ನೀರಿದ್ದರೆ ಮಂಜು ಜಾರುತ್ತದೆ, ಉಜ್ಜುತ್ತದೆ, ಕೀಳುತ್ತದೆ. ತಳವೇ ಹೆಪ್ಪುಗಟ್ಟಿ ಬಂಡೆಗೆ ಅಂಟಿಕೊಂಡಿದ್ದರೆ ಮಂಜು ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ. ಉಲ್ಟಾ, ಕೆಳಗಿನ ನೆಲವನ್ನು ಕಾಪಾಡುತ್ತದೆ! ಗ್ರೀನ್‌ಲ್ಯಾಂಡಿನಲ್ಲಿ 1993ರಲ್ಲಿ 3,053 ಮೀಟರ್ ಮಂಜು ಕೊರೆದು ತಳದ ಬಂಡೆಯ ತುಂಡನ್ನು ಮೇಲೆ ತಂದರು. ಅದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವಿವರ ಓದಿದಾಗ ನಾನು ಬೆರಗಾದೆ. ಅಷ್ಟು ಮಂಜಿನ ಕೆಳಗಿನ ಬಂಡೆಯಲ್ಲೂ ಬೆರಿಲಿಯಂ 10 ಮತ್ತು ಅದರಂತೆಯೇ ಕಾಸ್ಮಿಕ್ ಕಿರಣದಿಂದ ಹುಟ್ಟುವ ಅಲ್ಯೂಮಿನಿಯಂ 26 ಉಳಿದಿದ್ದವು. ಅಂದರೆ ಆ ಜಾಗ ಹಿಂದೆ ಆಕಾಶಕ್ಕೆ ತೆರೆದುಕೊಂಡಿತ್ತು. ಕಳೆದ 14 ಲಕ್ಷ ವರ್ಷಗಳಲ್ಲಿ ಕನಿಷ್ಠ 2,80,000 ವರ್ಷ ಅಲ್ಲಿ ಮಂಜು ಇರಲಿಲ್ಲ ಅಂತ ಲೆಕ್ಕ ಬಂತು. ಮಂಜು ಅಲ್ಲಿ ಆಳವಾಗಿ ಕೊರೆದಿದ್ದರೆ ಆ ಗುರುತೇ ಉಳಿಯುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಪ್ರಯೋಗವನ್ನು ಮಕ್ಕಳಿಗೆ ಖಂಡಿತ ಹೇಳಿ. ಜೆಫ್ರಿ ಬೋಲ್ಟನ್ ಎಂಬ ವಿಜ್ಞಾನಿ ಐಸ್‌ಲ್ಯಾಂಡಿನ ಒಂದು ಹಿಮನದಿಯ ಅಡಿಯಲ್ಲಿ ಅಮೃತಶಿಲೆ ಮತ್ತು ಬಸಾಲ್ಟ್ ಫಲಕಗಳನ್ನು ಇಟ್ಟು, ಮಂಜು ಅವುಗಳ ಮೇಲೆ ಹಾದುಹೋಗಲು ಬಿಟ್ಟು, ಆಮೇಲೆ ಅಳೆದರು. ಮಂಜಿನ ದಪ್ಪ ಸುಮಾರು 40 ಮೀಟರ್, ವೇಗ ವರ್ಷಕ್ಕೆ ಹತ್ತು ಮೀಟರಿಗಿಂತ ಸ್ವಲ್ಪ ಕಡಿಮೆ. ಅಮೃತಶಿಲೆ ವರ್ಷಕ್ಕೆ ಸುಮಾರು 3 ಮಿ.ಮೀ. ಸವೆದಿತ್ತು, ಬಸಾಲ್ಟ್ ಸುಮಾರು 1 ಮಿ.ಮೀ. ಒಂದೇ ಮಂಜು, ಕಲ್ಲು ಬೇರೆ.

ನನ್ನದೊಂದು ಒತ್ತಾಯ ಇದೆ. ಪರೀಕ್ಷೆಯಲ್ಲಿ 'ಹಿಮನದಿಯ ಸವೆತದ ವೇಗ ಎಷ್ಟು?' ಅಂತ ಒಂದು ಅಂಕದ ಪ್ರಶ್ನೆ ದಯವಿಟ್ಟು ಕೇಳಬೇಡಿ. ಎಲ್ಲಿ, ಯಾವ ಬಂಡೆ, ಎಷ್ಟು ಕಾಲದ ಸರಾಸರಿ, ಈ ಮೂರೂ ಇಲ್ಲದೆ ಆ ಅಂಕಿಗೆ ಅರ್ಥವೇ ಇಲ್ಲ. ಹತ್ತು ವರ್ಷ ಹೊಳೆಯ ನೀರು ಅಳೆದು ಬಂದ ಅಂಕಿಯನ್ನೂ ಹತ್ತು ಲಕ್ಷ ವರ್ಷದ ಹೀಲಿಯಂ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಯಾವುದು ಸರಿ ಅಂತ ಕೇಳಿದರೆ ಮಕ್ಕಳಿಗೆ ಅನ್ಯಾಯ ಮಾಡಿದ ಹಾಗೆ.

ಪ್ರಶ್ನೆ: ಮ್ಯಾಮ್, ನಮ್ಮ ಮಲೆನಾಡಿನಲ್ಲೂ ಹಿಮನದಿ ಇತ್ತಾ? ಜೋಗದ ಕಣಿವೆ ಅಷ್ಟು ಆಳ ಇದೆಯಲ್ಲ, ಅದು ಹಿಮಯುಗದಲ್ಲಿ ಆದದ್ದಾ?
– ಪಿಯುಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಇಲ್ಲಮ್ಮ. ಜೋಗವನ್ನು ಕೊರೆದದ್ದು ಶರಾವತಿಯ ನೀರು. ಸುಮಾರು 20,000 ವರ್ಷದ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗಲೂ ನಮ್ಮ ಕಡೆ ಹಿಮನದಿ ಇರಲಿಲ್ಲ. ಕೊಡಚಾದ್ರಿ 1,343 ಮೀಟರ್ ಎತ್ತರ, ನಾವಿರುವುದು ಸಮಭಾಜಕದಿಂದ 14 ಡಿಗ್ರಿ ಉತ್ತರಕ್ಕೆ. ವರ್ಷದಿಂದ ವರ್ಷಕ್ಕೆ ಹಿಮ ಕೂಡಿಬರುವಷ್ಟು ಚಳಿ ಇಲ್ಲಿ ಬರಲಿಲ್ಲ. ಗುರುತು ಬೇಕಾದರೆ ತೀರ್ಥಹಳ್ಳಿಯ ರಾಮಮಂಟಪದ ಹತ್ತಿರ ತುಂಗೆಯ ಬಂಡೆಗಳನ್ನು ಬೇಸಿಗೆಯಲ್ಲಿ ಹೋಗಿ ಮುಟ್ಟಿ ನೋಡು. ನುಣ್ಣಗಿವೆ, ದುಂಡಗಿವೆ. ಆದರೆ ಒಂದೇ ದಿಕ್ಕಿಗೆ ಎಳೆದ ಗೀರುಗಳು ಇಲ್ಲ. ಗೀರು ಎಳೆಯುವುದು ಹಿಮನದಿಯ ಲಕ್ಷಣ.

ಆದರೆ ನಮ್ಮ ದೇಶದ ಬಯಲುನಾಡಿನಲ್ಲಿ ಒಮ್ಮೆ ಹಿಮನದಿಗಳಿದ್ದವು! ಸುಮಾರು 30 ಕೋಟಿ ವರ್ಷದ ಹಿಂದೆ. ಆಗ ಭಾರತ ಗೊಂಡ್ವಾನ ಎಂಬ ದೊಡ್ಡ ಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಒಡಿಶಾದ ತಾಲ್ಚೇರ್‌ನಲ್ಲಿ ಆ ಕಾಲದ ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ಪದರವನ್ನು ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ 1856ರಲ್ಲೇ ವಿವರಿಸಿದ್ದರು. ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರಾಯಿಯಲ್ಲಿ ಮಂಜು ಗೀರಿದ ಸುಣ್ಣಕಲ್ಲಿನ ನೆಲವೇ ಇದೆ.

ತಾಲ್ಚೇರ್ ಪದರದ ಒಂದು ಕಲ್ಲು ನನ್ನ ಮೇಜಿನ ಮೇಲಿದೆ. ಮುಷ್ಟಿಯಷ್ಟು ದೊಡ್ಡದು. ಮೂರು ಕಡೆ ಉಬ್ಬು, ಒಂದು ಕಡೆ ಮಾತ್ರ ಚಪ್ಪಟೆ. ಆ ಚಪ್ಪಟೆ ಮುಖದ ಮೇಲೆ ಉದ್ದಕ್ಕೆ ಗೀರುಗಳು. ಅಡ್ಡಕ್ಕೆ ಉಗುರು ಎಳೆದರೆ ಒಂದೊಂದರಲ್ಲೂ ತಡೆಯುತ್ತದೆ. ಅವುಗಳನ್ನು ಓರೆಯಾಗಿ ದಾಟುವ ಎರಡು ತೆಳು ಗೀರುಗಳೂ ಇವೆ. ಮಂಜಿನಲ್ಲಿ ಸಿಕ್ಕಿಕೊಂಡಿದ್ದಾಗ ಕಲ್ಲು ಸ್ವಲ್ಪ ತಿರುಗಿತ್ತು ಅಂತ ಅರ್ಥ.

ಆ ಹಿಮನದಿಗಳ ಸವೆತದ ವೇಗವನ್ನು ಬೆರಿಲಿಯಂನಿಂದ ಅಳೆಯಲು ಆಗುವುದಿಲ್ಲ. ಬೆರಿಲಿಯಂ 10ರ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಿ ಹೋಗಲು ಬೇಕಾದ ಕಾಲ, ಸುಮಾರು 14 ಲಕ್ಷ ವರ್ಷ ಮಾತ್ರ. 30 ಕೋಟಿ ವರ್ಷದಲ್ಲಿ ಆಗ ಹುಟ್ಟಿದ್ದು ಒಂದು ಪರಮಾಣುವೂ ಉಳಿದಿರಲಾರದು. ಅಷ್ಟು ಹಳೆಯದಕ್ಕೆ ಹೂಳಿನ ಪದರಗಳನ್ನೂ ಬಂಡೆ ತಣ್ಣಗಾದ ಇತಿಹಾಸವನ್ನೂ ನಂಬಿಕೊಳ್ಳಬೇಕು.

ಪ್ರಶ್ನೆ: ಆಗುಂಬೆಯ ಮಳೆ ಜಾಸ್ತಿ ಸವೆಸುತ್ತದೋ, ಹಿಮನದಿಯೋ?
– ಓದುಗರು, ಶಿವಮೊಗ್ಗ

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ನಿಜ. ಆದರೆ ಕಾಡು ನೆಲವನ್ನು ಹಿಡಿದುಕೊಂಡಿದೆ. ಸವೆತವನ್ನು ಮಳೆಯ ಅಳತೆ ಒಂದೇ ತೀರ್ಮಾನಿಸುವುದಿಲ್ಲ. ಇಳಿಜಾರು, ಬಂಡೆಯ ಬಿರುಕು, ಭೂಮಿ ಕೆಳಗಿನಿಂದ ಏಳುತ್ತಿದೆಯಾ ಎನ್ನುವುದೂ ಸೇರುತ್ತದೆ. ಮಿಶೆಲ್ ಕೊಪ್ಪಸ್ ಮತ್ತು ಡೇವಿಡ್ ಮಾಂಟ್ಗೊಮೆರಿ 2009ರಲ್ಲಿ ನದಿ ಮತ್ತು ಹಿಮನದಿಗಳ ಅಂಕಿಗಳನ್ನು ಹೋಲಿಸಿದರು. ಭೂಮಿ ಏಳುತ್ತಿರುವ ಬೆಟ್ಟಸಾಲುಗಳಲ್ಲಿ ಎರಡೂ ಒಂದಕ್ಕೊಂದು ಸಮವಾಗಿ ನಿಲ್ಲಬಲ್ಲವು ಅಂತ ಕಂಡಿತು. ಯಾವಾಗಲೂ ಹಿಮನದಿಯೇ ಗೆಲ್ಲುತ್ತದೆ ಅನ್ನುವುದು ಸರಿಯಲ್ಲ.

ಪ್ರಶ್ನೆ: ನಾನು ಬಿ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದೇನೆ. ಬೆರಿಲಿಯಂ ಎಣಿಸುವ ಕೆಲಸ ಭಾರತದಲ್ಲಿ ಎಲ್ಲಿ ನಡೆಯುತ್ತದೆ? ನನಗೆ ಏನು ಬರಬೇಕು?
– ವಿದ್ಯಾರ್ಥಿ, ಭದ್ರಾವತಿ

ಉತ್ತರ: ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಇದಕ್ಕೆ ಬೇಕಾದ ಯಂತ್ರ, ಅಂದರೆ ಪರಮಾಣುಗಳನ್ನು ವೇಗವಾಗಿ ಓಡಿಸಿ ಎಣಿಸುವ ಆಕ್ಸಲರೇಟರ್, ಇದೆ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲೂ ಆಕ್ಸಲರೇಟರ್ ಇದೆ. ಹಿಮಾಲಯದ ಹಿಮನದಿಗಳ ಮೇಲೆ ಕೆಲಸ ಮಾಡಬೇಕಾದರೆ ಡೆಹ್ರಾಡೂನಿನ ವಾಡಿಯಾ ಸಂಸ್ಥೆಯನ್ನೂ ನೋಡು. ಭೂವಿಜ್ಞಾನದ ಜೊತೆ ರಸಾಯನಶಾಸ್ತ್ರ ಮತ್ತು ಗಣಿತ ಗಟ್ಟಿ ಇರಲಿ. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಈಗಲೇ ಕಲಿ.

ಆದರೆ ಅರ್ಧ ಕೆಲಸ ಕೆಡುವುದು ಅಥವಾ ಗೆಲ್ಲುವುದು ಬೆಟ್ಟದ ಮೇಲೆಯೇ. ಸುತ್ತಿಗೆ ಎತ್ತುವ ಮೊದಲು ಬಂಡೆಯ ಫೋಟೋ ತೆಗೆ. ಮಾದರಿ ಎಷ್ಟು ಸೆಂಟಿಮೀಟರ್ ದಪ್ಪ, ಮೇಲ್ಮೈ ಎಷ್ಟು ಓರೆ ಅಂತ ಅಲ್ಲೇ ಬರೆದುಕೋ. ಸುತ್ತಲಿನ ಬೆಟ್ಟಗಳು ಆಕಾಶವನ್ನು ಎಷ್ಟು ಡಿಗ್ರಿ ಮರೆಮಾಡುತ್ತವೆ ಅಂತ ಓರೆಯ ಕೋನ ಅಳೆಯುವ ಕ್ಲೈನೋಮೀಟರಿನಲ್ಲಿ ಒಂದು ಸುತ್ತು ನೋಡು. ಮರೆ ಇದ್ದಷ್ಟೂ ಕಿರಣ ಕಡಿಮೆ ಬೀಳುತ್ತದೆ, ಆ ತಿದ್ದುಪಡಿ ಇಲ್ಲದೆ ಲ್ಯಾಬಿನ ಅಂಕಿ ಸುಳ್ಳು ಹೇಳುತ್ತದೆ. ಮಂಜು ಉಜ್ಜಿದ ಹೊಳಪು ಇನ್ನೂ ಇರುವ ಜಾಗವನ್ನೇ ಆರಿಸು. ಆ ಹೊಳಪು ಇದ್ದರೆ ಮಂಜು ಹೋದ ಮೇಲೆ ಬಂಡೆ ಸವೆದಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಲ್ಯಾಬಿನಲ್ಲಿ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಅಯಸ್ಕಾಂತದಿಂದ ಬೇರೆ ಖನಿಜ ತೆಗೆದು, ಶುದ್ಧ ಬೆಣಚುಕಲ್ಲನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅದನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲವೇ ಬೇಕು. ಅದು ಗಾಜನ್ನೂ ತಿನ್ನುತ್ತದೆ, ಹಾಗಾಗಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಇಡುತ್ತಾರೆ. ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ತಕ್ಷಣ ನೋವೇ ಗೊತ್ತಾಗುವುದಿಲ್ಲ, ಒಳಗೆ ಮೂಳೆಯವರೆಗೂ ಹೋಗುತ್ತದೆ. ತರಬೇತಿ ಪೂರ್ತಿ ಆಗುವವರೆಗೆ ಅದರ ಬಾಟಲಿ ಮುಟ್ಟಬೇಡ. ಆದ ಮೇಲೂ ಲ್ಯಾಬಿನಲ್ಲಿ ಒಬ್ಬನೇ ಇರುವಾಗ ಅದನ್ನು ತೆರೆಯಬೇಡ. ಆಮ್ಲ ತಾಗಿದ ಜಾಗಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಅಂತ ಮೊದಲ ದಿನವೇ ಕೇಳಿ ತಿಳಿದುಕೋ.